ಬೇರೆಯವರು ಬಂದರೂ ಕೊಡುವುದು

ಶೂಟಿಂಗಿನಲ್ಲಿ ಹೆಣವಾಗಿ ಮಲಗಿದವರು ಎದ್ದ ಕೂಡಲೇ ಒಮ್ಮೆ ನಗಬೇಕು. ಬರೀ ನಕ್ಕರೆ ಸಾಲದು, ಆ ನಗುವಿನದೊಂದು ಸ್ಟಿಲ್ ತೆಗೆಯಬೇಕು. ಆ ಚಿತ್ರ ಯಾವ ಪೇಪರಿನಲ್ಲೂ ಬರುವುದಿಲ್ಲ, ಪೋಸ್ಟರಿಗೂ ಹೋಗುವುದಿಲ್ಲ. ಆದರೂ ಅದನ್ನು ತೆಗೆಯುವ ತನಕ ಮೂಗಿನ ಹತ್ತಿ ಬಿಸಾಡಿ ಕಾಫಿಗೆ ಯಾರೂ ಹೊರಡುವುದಿಲ್ಲ. ಹತ್ತು ಜನರನ್ನು ಒಟ್ಟಿಗೇ ಹೊಡೆದುರುಳಿಸುವ ವಿಲನ್ ಕೂಡ ಚಟ್ಟದ ಮೇಲೆ ಎದ್ದು ಕೂತು, "ಮೇಡಂ, ನನ್ನ ನಗು ತೆಗೆದ್ರಾ?" ಎಂದು ಮಗುವಿನ ಹಾಗೆ ಕೇಳಿದ್ದನ್ನು ನೋಡಿದ್ದೇನೆ. ಸಾವನ್ನು ಮೈಗೆ ಹಚ್ಚಿದ್ದು ಕ್ಯಾಮೆರಾ, ಒರೆಸಬೇಕಾದ್ದೂ ಕ್ಯಾಮೆರಾ. ಅವರ ನಂಬಿಕೆ ಅಷ್ಟೇ.

ನಾನು ಮೈಸೂರಿನಲ್ಲಿ ಕಾನ್ವೆಂಟ್ ಓದಿದವಳು. "ಸೂಪರ್‌ಸ್ಟಿಷನ್ ಈಸ್ ಜಸ್ಟ್ ಬ್ಯಾಡ್ ಮ್ಯಾನರ್ಸ್, ಚೈಲ್ಡ್" ಎನ್ನುತ್ತಿದ್ದರು ನಮ್ಮ ಸಿಸ್ಟರ್. ಮೊದಮೊದಲು ಈ ನಗುವಿನ ಸ್ಟಿಲ್ಲನ್ನು ಕ್ಯಾಮೆರಾದಲ್ಲಿ ರೋಲೇ ಇಲ್ಲದೆ ಕ್ಲಿಕ್ ಅನ್ನಿಸಿ ಮುಗಿಸಿದ್ದೂ ಉಂಟು. ಯಾರಿಗೆ ಗೊತ್ತಾಗಬೇಕು! ಈಗ ಎಪ್ಪತ್ತು ದಾಟಿದೆ. ಈಗ ಹಾಗೆ ಮಾಡಲಾರೆ. ಯಾಕೆಂದು ಹೇಳಬೇಕಾದರೆ ಮೂಗೂರಿನ ಆ ಹೆಂಗಸಿನ ವಿಷಯ ಹೇಳಬೇಕು.

ನಂಜನಗೂಡಿನ ಬಜಾರಿನಲ್ಲಿ ನಮ್ಮ ಯಜಮಾನರದು ಫೋಟೋ ಸ್ಟುಡಿಯೋ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ನನಗೆ ಕಲಿಸಿದ ಮೊದಲ ವಿದ್ಯೆ ಡಾರ್ಕ್ ರೂಮಿನದು. ಕೆಂಪು ಬಲ್ಬಿನ ಕೆಳಗೆ, ನೀರಿನೊಳಗಿನ ಬಿಳಿ ಕಾಗದದಲ್ಲಿ ಯಾರದೋ ಕಣ್ಣು ಮೊದಲು ಮೂಡುತ್ತಿತ್ತು, ಆಮೇಲೆ ಮುಖ. ಬಾಕಿ ಎಲ್ಲಕ್ಕಿಂತ ಮುಂಚೆ ಕಣ್ಣೇ. ಅದೊಂದು ಮಾತ್ರ ನನಗೆ ಎಷ್ಟು ವರ್ಷವಾದರೂ ರೂಢಿಯಾಗಲಿಲ್ಲ. ಹೆಂಗಸರು ಬಂದರೆ ಅವರು ಪರದೆಯ ಆಚೆ ಸರಿದು ನನ್ನ ಕೈಗೆ ಕ್ಯಾಮೆರಾ ಕೊಡುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಸ್ಟುಡಿಯೋ ನನ್ನ ಪಾಲಿಗೆ ಉಳಿಯಿತು. ಹೊಳೆ, ಸೇತುವೆ, ಹಳೇ ಮನೆಗಳು ಬೇಕೆಂದು ಸಿನಿಮಾದವರು, ಆಮೇಲೆ ಸೀರಿಯಲ್ಲಿನವರು ಈ ಕಡೆ ಬರುತ್ತಲೇ ಇದ್ದರು. ಬೆಂಗಳೂರಿನಿಂದ ಸ್ಟಿಲ್ ಫೋಟೋಗ್ರಾಫರನ್ನು ಕರೆತರುವ ಬದಲು ಇಲ್ಲೇ ಒಬ್ಬಳು ಇದ್ದಾಳೆ ಎಂದು ನನ್ನನ್ನು ಕರೆಯತೊಡಗಿದರು. ಯೂನಿಟ್ಟಿನವರಿಗೆ ನಾನು ಸ್ಟಿಲ್ ಮೇಡಂ. ನೋಡಲು ಬರುವ ಹಳ್ಳಿಯವರ ಬಾಯಲ್ಲಿ ಸ್ಟಿಲ್ಲಮ್ಮ.

ಈ ಕೆಲಸದವರನ್ನು ಸೆಟ್ಟಿನಲ್ಲಿ ಯಾರೂ ನೋಡುವುದಿಲ್ಲ. ದೊಡ್ಡ ಕ್ಯಾಮೆರಾದ ಪಕ್ಕ ಉಸಿರು ಬಿಗಿಹಿಡಿದು ನಿಂತಿರಬೇಕು. ಶಾಟ್ ಮುಗಿದು "ಕಟ್" ಎಂದ ಮೇಲೆ ಯಾರಾದರೂ "ಸ್ಟಿಲ್ಸ್ ಪ್ಲೀಸ್!" ಎಂದು ಕೂಗುತ್ತಾರೆ. ಆಗ ಎಲ್ಲರೂ ಮತ್ತೆ ಅದೇ ಭಂಗಿಯಲ್ಲಿ ಕಲ್ಲಾಗುತ್ತಾರೆ. ಅಳುತ್ತಿದ್ದವಳು ಸದ್ದಿಲ್ಲದೆ ಬಾಯಿ ತೆರೆದು ನಿಲ್ಲುತ್ತಾಳೆ, ಹೊಡೆಯುವವನ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಹತ್ತೆಣಿಸುವಷ್ಟು ಹೊತ್ತು ಅಷ್ಟು ಜನರ ನಡುವೆ ಕದಲುವವಳು ನಾನೊಬ್ಬಳೇ. ಸೀರಿಯಲ್ಲಿನಲ್ಲಿ ಇನ್ನೊಂದು ಕೆಲಸವೂ ನನ್ನ ಕೊರಳಿಗೇ: ಕಂಟಿನ್ಯೂಟಿ. ನಿನ್ನೆ ಬಳೆ ಯಾವ ಕೈಯಲ್ಲಿತ್ತು, ಲೋಟದಲ್ಲಿ ಹಾಲು ಎಷ್ಟಿತ್ತು, ಸೆರಗು ಎಲ್ಲಿಗೆ ಜಾರಿತ್ತು ಎಂಬುದಕ್ಕೆಲ್ಲ ನನ್ನ ಚಿತ್ರಗಳೇ ಸಾಕ್ಷಿ. ನಿನ್ನೆ ಹೀಗೇ ಇತ್ತು ಎಂದು ನಾನು ಹೇಳಿದರೆ ಹಾಗೇ ಇತ್ತು. ಡೈರೆಕ್ಟರು ಕೂಡ ಎದುರು ಮಾತಾಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ತಿ. ನರಸೀಪುರದಲ್ಲಿ, ಹೊಳೆಗೆ ಹತ್ತಿರದ ಒಂದು ತೊಟ್ಟಿ ಮನೆಯಲ್ಲಿ ಸೀರಿಯಲ್ ಶುರುವಾಯಿತು. ಕಥೆಯಲ್ಲಿ ನಾಯಕಿಗೆ ತಾಯಿ ಇಲ್ಲ. ತಾಯಿಯ ಫೋಟೋ ಮಾತ್ರ ಹಾಲಿನ ಗೋಡೆಯಲ್ಲಿ, ಗಂಧದ ಹಾರ ಹಾಕಿಕೊಂಡು, ಕೆಳಗೊಂದು ಕೆಂಪು ಬಲ್ಬು. ಆ ಫೋಟೋಗೆ ಕೂರಬೇಕಿದ್ದ ಹಿರಿಯ ಕಲಾವಿದೆ ಕೊನೇ ಗಳಿಗೆಯಲ್ಲಿ ಫೋನು ಮಾಡಿ, ಬರೀ ಹೆಣದ ಪಟವಾಗಲು ನಾನು ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದರಂತೆ.

"ಮೇಡಂ, ನಿಮ್ಮ ಸ್ಟುಡಿಯೋದಲ್ಲಿ ಹಳೇ ಫೋಟೋ ಯಾವುದಾದ್ರೂ ಇದ್ಯಾ?" ಎಂದು ಡೈರೆಕ್ಟರು ಕೇಳಿದರು. ಇನ್ನೂ ಹುಡುಗ, ನನ್ನ ಮೊಮ್ಮಗನ ವಯಸ್ಸು. "ನಾಳೆ ಬೆಳಿಗ್ಗೆ ಬೇಕು. ಯಾರಾದ್ರೂ ಆಗುತ್ತೆ. ಅಮ್ಮನ ಥರ ಇರ್ಬೇಕು, ಅಷ್ಟೇ."

ಇತ್ತು. ಫೋಟೋ ತೆಗೆಸಿಕೊಂಡು, ಮತ್ತೆ ಬಂದು ಒಯ್ಯದೆ ಬಿಟ್ಟವರದೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಇಟ್ಟಿದ್ದೆವು. ಪ್ರತಿ ಸ್ಟುಡಿಯೋದಲ್ಲೂ ಇಂಥದೊಂದು ಇರುತ್ತದೆ. ಪರೀಕ್ಷೆಯ ಪಾಸ್‌ಪೋರ್ಟ್ ಸೈಜು, ಮುರಿದುಬಿದ್ದ ಸಂಬಂಧಕ್ಕೆ ತೆಗೆಸಿದ ಹುಡುಗಿಯ ನಿಂತ ಫೋಟೋ, ಅಳುವ ಮಗು. ಯಜಮಾನರು ಒಂದನ್ನೂ ಬಿಸಾಡಲು ಬಿಡುತ್ತಿರಲಿಲ್ಲ. "ಅವರು ಬರ್ತಾರೆ ಅಂತಲ್ಲ ಕಣೆ, ಬಂದ್ರೆ ಇಲ್ಲ ಅನ್ನಬಾರದು" ಎನ್ನುತ್ತಿದ್ದರು.

ಅಂದು ಸಂಜೆ ಟ್ರಂಕು ತೆರೆದಾಗ ಅದು ಮೇಲೇ ಇತ್ತು. ನಾನು ಇಟ್ಟಂತೆ ನೆನಪಿಲ್ಲ. ದೊಡ್ಡ ಕಂದು ಕವರು, ಒಳಗೆ ಗೋಡೆಗೆ ಹಾಕುವ ಸೈಜಿನ ಬ್ಲಾಕ್ ಅಂಡ್ ವೈಟ್. ಇಪ್ಪತ್ತೈದರ ಆಸುಪಾಸಿನ ಹೆಂಗಸು, ಚೌಕುಳಿ ಸೀರೆ, ನಡುಬೈತಲೆ, ಕ್ಯಾಮೆರಾದೊಳಗೇ ಇಳಿದು ಹೋಗುವಂಥ ನೋಟ. ಕವರಿನ ಮೇಲೆ ಹೆಸರಿಲ್ಲ. ಮೂಗೂರು ಎಂದಷ್ಟೇ ಊರು. ಅದರ ಕೆಳಗೆ ನನ್ನದೇ ದುಂಡು ಅಕ್ಷರದಲ್ಲಿ ಒಂದು ಸಾಲು: "ಬೇರೆಯವರು ಬಂದರೂ ಕೊಡುವುದು."

ನನ್ನ ಅಕ್ಷರವೇ. ಆದರೆ ಯಾರಿಗೆ, ಯಾವಾಗ, ಯಾಕೆ ಬರೆದೆ ಎಂಬುದು ಏನು ಮಾಡಿದರೂ ಹೊಳೆಯಲಿಲ್ಲ. ಮೂವತ್ತೈದು ವರ್ಷವಂತೂ ಆಗಿರಬೇಕು. ಇನ್ನು ಯಾರು ಕೇಳುತ್ತಾರೆ ಎಂದುಕೊಂಡು ಅದನ್ನೇ ಬ್ಯಾಗಿಗೆ ಹಾಕಿದೆ. ಯೋಚಿಸಿದ್ದು ಅಷ್ಟೇ. ಅದು ನನ್ನ ತಪ್ಪು.

ಎರಡು ದಿನ ಆಕೆ ಆ ಗೋಡೆಯ ಮೇಲಿದ್ದಳು. ದೃಶ್ಯಗಳಲ್ಲಿ ಹಿಂದೆ ಎಲ್ಲೋ ಮಸುಕಾಗಿ ಕಾಣುವ ಫೋಟೋ, ಮುಖದ ಗುರುತು ಹತ್ತುವಂತಿಲ್ಲ. ಆದರೂ ಬೆಳಿಗ್ಗೆ, ಸಂಜೆ ನಾನು ಆ ಗೋಡೆಯ ಕಂಟಿನ್ಯೂಟಿ ಚಿತ್ರ ತೆಗೆಯಬೇಕಿತ್ತು. ಸಂಜೆ ನೆಟ್ಟಗಿದ್ದ ಹಾರ ಬೆಳಿಗ್ಗೆ ಎಡಕ್ಕೆ ಜಾರಿರುತ್ತಿತ್ತು, ಯಾರೋ ತಲೆ ತಪ್ಪಿಸಿಕೊಳ್ಳಲು ನೋಡಿದ ಹಾಗೆ. ಆರ್ಟ್ ವಿಭಾಗದವನು, ಮಂಡ್ಯ ಕಡೆಯವನು, ಮೊಳೆ ಹೊಡೆದು ಬಿಗಿದ. ಮರುದಿನ ಮೊಳೆ ಅಲ್ಲೇ ಇತ್ತು, ಹಾರ ಎಡಕ್ಕೇ ಇತ್ತು. "ಗಾಳಿ ಕಣ್ರೀ ಮೇಡಂ" ಎಂದ. ಕಿಟಕಿಗಳಿಗೆಲ್ಲ ಲೈಟಿನವರು ಕಪ್ಪು ಬಟ್ಟೆ ಕಟ್ಟಿದ್ದರು. ಗಾಳಿ ಎಲ್ಲಿಂದ ಬರಬೇಕು? ನಾಯಕಿಯ ಪಾತ್ರದ ಹುಡುಗಿ ಫೋಟೋದ ಮುಂದೆ ಅಳುವ ಶಾಟಿಗೆ ಗ್ಲಿಸರಿನ್ ಬೇಡವೆಂದಳು. "ಇವರ ಕಣ್ಣು ನೋಡಿದ್ರೇ ಸಾಕು ಮೇಡಂ. ಬಂದುಬಿಡುತ್ತೆ."

ಮೂರನೆಯ ದಿನ ತಿಥಿಯ ದೃಶ್ಯ. ಫೋಟೋದ ಕೆಳಗೆ ಎಡೆ ಇಟ್ಟು ಹೆಂಗಸರು ಕೂತು ಅಳಬೇಕು. ಅಳುವುದಕ್ಕೆ ಸುತ್ತಿನ ಹಳ್ಳಿಯ ಹೆಂಗಸರನ್ನೇ ಟೆಂಪೋದಲ್ಲಿ ಕರೆಸಿದ್ದರು. ಟೆಂಪೋ ಎಲ್ಲಿಯದೆಂದು ಕೇಳಿದೆ. ಮೂಗೂರು ಎಂದರು. ಕಂದು ಕವರಿನ ಮೇಲಿನ ಊರು ನೆನಪಾಯಿತು. ಸಿಲ್ಲಿ, ಎಂದುಕೊಂಡೆ.

ಹೆಂಗಸರು ಜಾತ್ರೆಗೆ ಬಂದವರ ಹಾಗೆ ಗಲಗಲ ಎನ್ನುತ್ತಿದ್ದರು.

"ಏ, ಸರ್ಕಳೆ ಅತ್ಲಾಗೆ. ಟೀವೀಲಿ ನಿನ್ ಬೆನ್ನೊಂದೇ ಕಾಣದು ನೋಡು."

"ಅಳಕೆ ಕರ್ದವ್ರೆ, ನಿಂಗೆ ನಗ ಬತ್ತದಲ್ಲೆ!"

"ನಮ್ಮತ್ತೆ ನೆಪ್ಪಾದ್ರೆ ನಂಗೆ ನಗವೇ ಬರದು ಕನಕ್ಕ, ಏನ್ ಮಾಡ್ಲಿ?"

ಗೋಡೆಗೆ ಒತ್ತಿಕೊಂಡು, ಫೋಟೋದ ನೇರ ಕೆಳಗೆ, ಕೂರಲು ಮಾತ್ರ ಯಾರೂ ಒಪ್ಪಲಿಲ್ಲ. ಕೊನೆಗೆ ತಡವಾಗಿ ಒಳಗೆ ಬಂದ ಒಬ್ಬಳಿಗೆ ಉಳಿದದ್ದು ಅದೇ ಜಾಗ. ಅರವತ್ತು ದಾಟಿದ ಹೆಂಗಸು. ತಲೆ ಬಗ್ಗಿಸಿಕೊಂಡು ಬಂದಳು, ಕೂತಳು, ಮೇಲೆ ನೋಡಲಿಲ್ಲ. ಶಾಟ್ ಆಯಿತು. ಎಲ್ಲರೂ ಚೆನ್ನಾಗಿಯೇ ಅತ್ತರು. "ಸ್ಟಿಲ್ಸ್ ಪ್ಲೀಸ್!" ಎಂದರು. ಎಲ್ಲರೂ ಕಲ್ಲಾದರು.

ವ್ಯೂಫೈಂಡರಿಗೆ ಕಣ್ಣಿಟ್ಟು ಗೋಡೆಯ ಫೋಟೋಗೆ ಫೋಕಸ್ ಮಾಡಿದೆ. ಆಮೇಲೆ ಕೆಳಗಿನ ಹೆಂಗಸರಿಗೆಂದು ಕ್ಯಾಮೆರಾ ಇಳಿಸಿದೆ. ಕಣ್ಣು ಬದಲಾಗಲಿಲ್ಲ. ಮೇಲಿದ್ದ ಕಣ್ಣೇ ಕೆಳಗೂ ಇತ್ತು. ಅದೇ ಅಂತರ, ಅದೇ ಇಳಿದು ಹೋಗುವ ನೋಟ, ಸುತ್ತ ಮಾತ್ರ ಸುಕ್ಕು. ಮತ್ತೆ ಮೇಲೆ ಎತ್ತಿದೆ, ಮತ್ತೆ ಇಳಿಸಿದೆ. ಡಾರ್ಕ್ ರೂಮಿನ ನೀರಿನಲ್ಲಿ ಮೊದಲು ಕಣ್ಣು ಮೂಡುತ್ತಿತ್ತಲ್ಲ, ಹಾಗೆ ಆಕೆಯ ಮುಖ ನಿಧಾನಕ್ಕೆ ಮೂಡಿತು. ನನ್ನ ಬೆರಳು ಒತ್ತಲೇ ಇಲ್ಲ. ಹತ್ತೆಣಿಸುವಷ್ಟು ಹೊತ್ತು ಮುಗಿದು ಎಲ್ಲರೂ ಕದಲಿದರು. ಆಕೆ ಮಾತ್ರ ಹಾಗೇ ಕೂತಿದ್ದಳು. ಆಮೇಲೆ ತಲೆ ತಿರುಗಿಸಿ, ಮೇಲೆ ನೋಡಿದಳು.

ಆಕೆ ಕಿರುಚಲಿಲ್ಲ. ಎದ್ದು, ಸೀರೆ ಕೊಡವಿಕೊಂಡು, ನನ್ನ ಬಳಿಗೆ ಬಂದಳು. ಕ್ಯಾಮೆರಾ ನೋಡಿದಳು, ಆಮೇಲೆ ನನ್ನನ್ನು.

"ನಂಜನಗೂಡ್ ಬಜಾರ್ನಲ್ಲಿ ಅಂಗ್ಡಿ ಮಡಗಿದ್ದೋರು ನೀವೇ ಅಲ್ವ್ರಾ?"

ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ. ಜನರೇಟರಿನ ಸದ್ದಿಗೆ ಒಳಗಿನವರಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ಕಾಫಿ ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದಳು.

"ನೀವು ಮರ್ತಿದ್ದೀರಿ. ನಾ ಮರ್ತಿಲ್ಲ ಕನವ್ವ. ಕೂಸ ಎತ್ಕಂಡು ಬಂದಿದ್ದೆ. ಕೂಸಿನ್ ಜೊತೆ ತಗೀತೀನಿ ಅಂದ್ರಿ. ಬ್ಯಾಡ, ನನ್ನೊಬ್ಳದೇ ತಗೀರಿ, ದೊಡ್ಡದು, ಗ್ವಾಡೆಗೆ ಆಕಂತದ್ದು ಅಂದೆ."

ಆಗ ನೆನಪಾಯಿತು. ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು ತಮ್ಮ ಫೋಟೋ ತೆಗೆಸಿಕೊಳ್ಳುವುದಿಲ್ಲ, ಮಗುವಿನದೇ ತೆಗೆಸುತ್ತಾರೆ. ಈಕೆ ಮಗುವನ್ನು ನೆಲದ ಮೇಲೆ ಕೂರಿಸಿ ತಾನೊಬ್ಬಳೇ ಕುರ್ಚಿಯಲ್ಲಿ ಕೂತಿದ್ದಳು. ನಾನು ನನ್ನ ಕಾನ್ವೆಂಟ್ ಗತ್ತಿನಲ್ಲಿ "ಸ್ಮೈಲ್ ಪ್ಲೀಸ್" ಎಂದಿದ್ದೆ. ನಕ್ಕಿರಲಿಲ್ಲ. ಚೀಟಿ ಬರೆದು, ಗುರುವಾರ ಬಾ ಎಂದಾಗ ಆಕೆ ಕೇಳಿದ್ದಳು: "ನಾನೇ ಬರ್ಬೇಕಾ? ಬ್ಯಾರೇರು ಬಂದ್ರೂ ಕೊಟ್ಟೀರಾ?" ಚೀಟಿ ತಂದರೆ ಯಾರಿಗಾದರೂ ಕೊಡುತ್ತೇವೆ ಎಂದು ಕವರಿನ ಮೇಲೆ ಬರೆದಿದ್ದೆ. ಆ ಪ್ರಶ್ನೆಯನ್ನು ಅಂದು ಒಂದು ಗಳಿಗೆಯಾದರೂ ನಾನು ಕಿವಿಯಲ್ಲಿ ಇಟ್ಟುಕೊಳ್ಳಲಿಲ್ಲ.

"ಮನೇಲಿ ನನ್ ಪಟ ಒಂದೂ ಇರ್ನಿಲ್ಲ" ಎಂದಳು. "ನಾ ಒಂಟೋದ್ಮೇಲೆ, ನಮ್ಮವ್ವ ಎಂಗಿದ್ಲು ಅಂತ ಕೂಸು ಕೇಳುದ್ರೆ ಏನ ತೋರ್ಸರು? ಅದ್ಕೆ ಬಂದಿದ್ದು. ಕೂಸ ನಮ್ಮಕ್ಕನ್ ಮನೇಲಿ ಬುಟ್ಟು ಒಳೆ ತಾವ್ಕೆ ಓಗದು ಅಂತ ಮನ್ಸಲ್ಲಿತ್ತು."

ಯಾಕೆ ಎಂದು ಕೇಳಲು ಬಾಯಿ ತೆರೆದೆ.

"ಯಾಕೆ ಅಂತ ಕೇಳ್ಬ್ಯಾಡಿ. ಆ ಕಷ್ಟ ಈಗಿಲ್ಲ, ಕೊಟ್ಟೋರೂ ಇಲ್ಲ. ಒಳೆ ಮೆಟ್ಲ ಮ್ಯಾಲೆ ಕೂತ್ಕಂಡು ಯೋಚ್ನೆ ಮಾಡ್ದೆ. ಇವತ್ತೇ ಓದ್ರೆ ಪಟ ಯಾರ್ ತಂದಾರು? ಚೀಟಿ ನನ್ ಕುಪ್ಸದಲ್ಲೇ ನೆಂದೋಯ್ತದೆ. ಗುರ್ವಾರ ಪಟ ತಂದು ಮನೇಲಿ ಮಡಗಿ, ಆಮೇಕೆ ಓದ್ರಾಯ್ತು ಅಂತ ಊರ್ಗೆ ಬಂದ್ಬುಟ್ಟೆ. ಗುರ್ವಾರ ಬಂತು. ಪಟ ತಂದ್ರೆ ಓಗ್ಬೇಕಾಯ್ತದಲ್ಲ? ಈ ಗುರ್ವಾರ ಬ್ಯಾಡ, ಮುಂದ್ಲ ಗುರ್ವಾರ ಅಂದ್ಕಂಡೆ. ಆ ಗುರ್ವಾರನೂ ಅಂಗೇ ಅಂದ್ಕಂಡೆ."

ಅಷ್ಟು ಹೇಳಿ ಲೋಟವನ್ನು ಕಲ್ಲಿನ ಮೇಲೆ ಇಟ್ಟಳು. ಹೇಳುವಾಗ ಮುಖದಲ್ಲಿ ದುಃಖವೇನೂ ಇರಲಿಲ್ಲ. ಬಸ್ಸಿಗೆ ಕಾಯುವವರು ದಿನದ ಸಂಗತಿ ಹೇಳುವ ಹಾಗಿತ್ತು.

"ಅಂಗೇ ಬದ್ಕಂಡೆ ಕನವ್ವ. ಆ ಪಟ ನಿಮ್ಮಂಗ್ಡೀಲಿ ಇರಗಂಟ ನಾನೂ ಇರ್ತೀನಿ ಅಂತ. ಆ ಬೀದೀಲಿ ಒಂದ್ ದಪನೂ ನಡೀನಿಲ್ಲ. ಮಗಳ ಮದ್ವೆ ಸೀರೆ ತರಕ್ಕೂ ಬ್ಯಾರೆ ಬೀದಿ ಸುತ್ಕಂಡು ಓದೆ. ಈಗ ನೋಡುದ್ರೆ ಯಾರೋ ಚೀಟಿ ಇಲ್ದೇ ತಕಂಡು ಬಂದು ಆರ ಆಕ್ಬುಟ್ಟವ್ರೆ."

"ತಂದವಳು ನಾನೇ ಕಣಮ್ಮ" ಎಂದೆ. "ಈಗಲೇ ಇಳಿಸಿ ಕೊಡ್ತೀನಿ. ನಿನ್ನದು, ತಗೊಂಡುಹೋಗು."

ಆಕೆ ಧಡಕ್ಕನೆ ಎದ್ದುನಿಂತಳು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಭಯ ಕಂಡದ್ದು ಆಗಲೇ.

"ಅಯ್ಯೋ ಬ್ಯಾಡಿ! ಮನೆಗ್ ತರಕಾಯ್ತದಾ ಅದ? ಎಲ್ಲಿತ್ತೋ ಅಲ್ಲೇ ಮಡಗ್ಬುಡಿ. ನಾಳೆ ಅದ ಒಳೆಗೆ ಬುಡ್ತರಂತೆ, ನಮ್ಮೋರು ಅಂತಿದ್ರು. ದಿಟ್ವಾ?"

ನಿಜವೇ ಆಗಿತ್ತು. ಮರುದಿನ ಬೆಳಿಗ್ಗೆ ಸಂಗಮದಲ್ಲಿ ದೃಶ್ಯ. ಮನೆ ಬಿಟ್ಟು ಹೊರಟ ನಾಯಕಿ ತಾಯಿಯ ಫೋಟೋವನ್ನು ಎದೆಗೊತ್ತಿಕೊಂಡು ಅತ್ತು, ಹೊಳೆಗೆ ಬಿಡಬೇಕು. ಮುಖ ಪೂರ್ತಿ ಕಾಣುವ ಕ್ಲೋಸಪ್.

ಡೈರೆಕ್ಟರ ಹತ್ತಿರ ಹೋದೆ. ಫೋಟೋದಲ್ಲಿರುವವರು ಬದುಕಿದ್ದಾರೆ, ಇಲ್ಲೇ ಇದ್ದಾರೆ, ಬೇರೆ ಫೋಟೋ ಹಾಕೋಣ ಎಂದೆ. ಆತ ತಲೆ ಮೇಲೆ ಕೈಯಿಟ್ಟುಕೊಂಡ.

"ಮೇಡಂ, ಕಂಟಿನ್ಯೂಟಿ ಅಂತ ದಿನಾ ನನ್ನ ತಲೆ ತಿನ್ನೋರು ನೀವು. ಮೂರು ದಿನ ಅದೇ ಫೋಟೋ ಹಿಂದೆ ಇಟ್ಟು ತೆಗ್ದಿದ್ದೀವಿ. ನಾಳೆ ಬೇರೆ ಅಮ್ಮ ಹೇಗೆ ಬರ್ತಾರೆ? ಅವರು ಬದುಕಿದ್ರೆ ಒಳ್ಳೇದೇ ಅಲ್ವಾ? ನಗೋ ಸ್ಟಿಲ್ ಒಂದು ತೆಗ್ದುಬಿಡಿ, ದೋಷ ಹೋಗುತ್ತೆ."

ಹೊರಗೆ ಬಂದು ಆಕೆಗೆ ಹೇಳಿದೆ, ನಕ್ಕರೆ ಒಂದು ಚಿತ್ರ ತೆಗೆಯುತ್ತೇನೆ, ದೋಷ ಹೋಗಲು ಶೂಟಿಂಗಿನವರು ಹೀಗೆ ಮಾಡುತ್ತಾರೆ ಎಂದು. ಆಕೆ ಕ್ಯಾಮೆರಾ ನೋಡಿದಳು. ತುಟಿ ಅಗಲಿಸಲು ನೋಡಿದಳು. ಆಗಲಿಲ್ಲ.

"ಅದು ಗ್ವಾಡೆ ಮ್ಯಾಲಿರಗಂಟ ನಂಗ್ ನಗಕಾಗಕಿಲ್ಲ ಕನವ್ವ" ಎಂದಳು. ಟೆಂಪೋದವನು ಹಾರನ್ ಹೊಡೆಯುತ್ತಿದ್ದ. "ನೋಡಿ ಮತ್ತೆ" ಎಂದು ಹೊರಟುಹೋದಳು.

ನಂಜನಗೂಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಟ್ರಂಕಿನಲ್ಲಿ ಇನ್ನೂ ಎಷ್ಟೋ ಹೆಂಗಸರಿದ್ದರು. ಒಬ್ಬಳನ್ನು ಆರಿಸಿದರೆ ಮುಗಿಯಿತು. ಆದರೆ ಅವರು ಯಾಕೆ ಬಿಟ್ಟುಹೋದರು ಎಂದು ನನಗೇನು ಗೊತ್ತು? ಯಾರು ಯಾವ ಗುರುವಾರವನ್ನು ಮುಂದೂಡುತ್ತ ಕೂತಿದ್ದಾರೋ! ಸುತ್ತೂರಿನ ಹುಡುಗಿ, ಹುಲ್ಲಹಳ್ಳಿಯ ಮುದುಕಿ, ಊರೇ ಬರೆಯದ ಆ ಇಬ್ಬರು ಅಕ್ಕತಂಗಿಯರು. ನಿನ್ನೆಯವರೆಗೆ ಬರೀ ಹಳೇ ಕಾಗದವಾಗಿದ್ದ ಟ್ರಂಕಿಗೆ ಅಂದು ಸಂಜೆ ಕೈ ಹಾಕಲು ಹೆದರಿಕೆಯಾಯಿತು.

ಇದ್ದದ್ದು ಒಂದೇ ಫೋಟೋ. ನನ್ನ ಕೋಣೆಯ ಗೋಡೆಯದು. ಯಜಮಾನರು ಇಡೀ ಊರಿನ ಫೋಟೋ ತೆಗೆದವರು, ನನ್ನದು ತೆಗೆದದ್ದು ಒಂದೇ ಸಲ, ನನಗೆ ಮೂವತ್ತು ತುಂಬಿದ ದಿನ. ಅದೇ ಸ್ಟುಡಿಯೋ, ಮೆಟ್ಟಿಲು ಮತ್ತು ಹೂದೋಟ ಬರೆದ ಅದೇ ಪರದೆ, ಅದೇ ಕುರ್ಚಿ, ಎಡಗಡೆಯಿಂದ ಅದೇ ಲೈಟು. ನೆಗೆಟಿವ್ ಬೂಸ್ಟು ಹಿಡಿದು ಹಾಳಾಗಿತ್ತು. ಇದ್ದ ಪ್ರಿಂಟು ಅದೊಂದೇ. ತೆಗೆಯುವಾಗ ಅವರು ಸ್ಮೈಲ್ ಪ್ಲೀಸ್ ಎನ್ನಲಿಲ್ಲ. "ನಿನ್ನ ಪಾಡಿಗೆ ನೀನಿರು" ಎಂದರು. ಆ ಫೋಟೋದಲ್ಲಿ ನಾನು ನೋಡುತ್ತಿರುವುದು ಕ್ಯಾಮೆರಾವನ್ನಲ್ಲ, ಅದರ ಹಿಂದಿದ್ದವರನ್ನು.

ಒಂದು ಕಾಪಿ ತೆಗೆದಿಟ್ಟುಕೊಳ್ಳಬಹುದಿತ್ತು. ಡಿಜಿಟಲ್ ಕ್ಯಾಮೆರಾ ಕೈಯಲ್ಲೇ ಇತ್ತು. ಟ್ರೈಪಾಡ್ ನಿಲ್ಲಿಸಿ, ಫೋಟೋ ಇಳಿಸಿ, ಧೂಳು ಒರೆಸಿದೆ. ಆಮೇಲೆ ಅನ್ನಿಸಿತು: ಕಾಪಿ ಇಟ್ಟುಕೊಂಡರೆ ನಾಳೆ ಹೊಳೆಗೆ ಹೋಗುವುದು ಬರೀ ಕಾಗದ. ಆಕೆಯದಕ್ಕೆ ಬದಲಾಗಿ ನಾನು ಏನನ್ನೂ ಕೊಟ್ಟಂತೆ ಆಗುವುದಿಲ್ಲ. ರೀಸನ್ ಇಲ್ಲದ ಮಾತು, ಐ ನೋ. ಟ್ರೈಪಾಡ್ ಮಡಚಿದೆ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಉಪ್ಪಿಟ್ಟಿನ ಪಾತ್ರೆ ಇಳಿಸುವ ಗದ್ದಲದಲ್ಲಿ, ಫ್ರೇಮಿನ ಹಿಂದಿನ ಮೊಳೆ ಸರಿಸಿ ಆಕೆಯನ್ನು ತೆಗೆದು ನನ್ನನ್ನು ಇಟ್ಟೆ. ಹಾರ ಹಾಕಿದೆ. ಜೀವಮಾನವೆಲ್ಲ ನಿನ್ನೆ ಹೀಗೇ ಇತ್ತು ಎಂದು ಸಾಕ್ಷಿ ಹೇಳಿದವಳು ಅಂದು ಸುಳ್ಳು ಸಾಕ್ಷಿಯಾದೆ.

ಆರ್ಟಿನವನು ಫ್ರೇಮ್ ಎತ್ತಿಕೊಂಡವನು ಒಂದು ಗಳಿಗೆ ನಿಂತ.

"ಮೇಡಂ, ಅಮ್ಮಾವ್ರು ಒಸಿ ಬದಲಾದಂಗವ್ರಲ್ಲ? ಮುಖ ಉದ್ದಾಗದೆ."

"ಬೆಳಗಿನ ಲೈಟು" ಎಂದೆ.

"ಹಾರ ಇವತ್ತು ನೆಟ್ಟಗದೆ ನೋಡಿ" ಎಂದು ಖುಷಿಯಿಂದ ಎತ್ತಿಕೊಂಡು ಹೋದ.

ಡೈರೆಕ್ಟರಿಗೆ ಗೊತ್ತಾಗಲಿಲ್ಲ. ಕ್ಯಾಮೆರಾದವರಿಗೆ ಗೊತ್ತಾಗಲಿಲ್ಲ. ಮೂರು ದಿನ ಆ ಕಣ್ಣು ನೋಡಿ ಅತ್ತ ಹುಡುಗಿ ನನ್ನ ಮುಖವನ್ನು ಎದೆಗೆ ಅವಚಿಕೊಂಡು "ಅಮ್ಮಾ" ಎಂದಳು. ನಾನು ನಾಲ್ಕು ಮಾರು ದೂರದಲ್ಲಿ, ಬಿಳೀ ತಲೆಯಲ್ಲಿ, ಕ್ಯಾಮೆರಾ ಹಿಡಿದು ನಿಂತಿದ್ದೆ. ಯಾರಾದರೂ ಒಬ್ಬರು ಫೋಟೋದಿಂದ ನನ್ನ ಕಡೆ ಕಣ್ಣು ತಿರುಗಿಸಿದ್ದರೆ ಸಾಕಿತ್ತು. ಯಾರೂ ತಿರುಗಿಸಲಿಲ್ಲ. ನಾನು ಕ್ಯಾಮೆರಾ ಹಿಡಿದಾಗ ಯಾರೂ ಕದಲುವುದಿಲ್ಲ, ನಾನು ಕದಲಿದಾಗ ಯಾರೂ ನೋಡುವುದಿಲ್ಲ. ಸತ್ತವರು ಮನೆಯಲ್ಲಿ ಓಡಾಡುವುದು ಬಹುಶಃ ಹೀಗೇ ಇರಬೇಕು ಎನ್ನಿಸಿತು.

ಹುಡುಗಿ ಫ್ರೇಮನ್ನು ನೀರಿಗೆ ಬಿಟ್ಟಳು. "ಕಟ್" ಎಂದರು. "ಸ್ಟಿಲ್ಸ್ ಪ್ಲೀಸ್!"

ಎಲ್ಲರೂ ಕಲ್ಲಾದರು. ಹೊಳೆ ಆಗಲಿಲ್ಲ. ಕಪಿಲೆ ಬಂದು ಕಾವೇರಿಗೆ ಸೇರುವ ಆ ಮಡುವಿನಲ್ಲಿ ನನ್ನ ಫೋಟೋ ಒಂದು ಸುತ್ತು ತಿರುಗಿತು, ಮುಖ ಮೇಲಾಗಿ, ಹಾರ ನೀರಿನಲ್ಲಿ ಬಿಚ್ಚಿಕೊಂಡು. ಗಾಜಿನ ಮೇಲೆ ಬಿಸಿಲು ಹೊಳೆಯಿತು, ಹೋಯಿತು. ಗಾಜಿನ ಅಂಚಿನಿಂದ ನೀರು ಒಳಗೆ ನುಗ್ಗಿದಾಗ ಒಂದು ಕ್ಷಣ, ಕೇವಲ ಒಂದು ಕ್ಷಣ, ಅದು ಡಾರ್ಕ್ ರೂಮಿನ ಟ್ರೇಯ ಹಾಗೆ ಕಂಡಿತು. ಆದರೆ ಎಲ್ಲ ತಿರುಗಾಮುರುಗ. ಸೀರೆ ಮಾಸಿತು, ಪರದೆಯ ಹೂದೋಟ ಮಾಸಿತು, ಮುಖ ಮಾಸಿತು, ಕಣ್ಣು ಕಡೆಗೆ. ನನ್ನ ಕೈ ತಾನಾಗಿ ಒತ್ತುತ್ತಲೇ ಇತ್ತು. ಯಜಮಾನರು ನೋಡಿದ ನನ್ನ ಮುಖ ಈಗ ಉಳಿದಿರುವುದು ಆ ಸ್ಟಿಲ್ಲುಗಳಲ್ಲಿ ಮಾತ್ರ, ನೀರಿನ ಒಳಗಿನಿಂದ.

ಇನ್ನೊಂದು ಟೇಕಿಗೆಂದು ತೆಪ್ಪದವರು ಹುಡುಕಿದರು. ಸಿಗಲಿಲ್ಲ. ಮೊದಲ ಟೇಕೇ ಸಾಕು ಎಂದರು ಡೈರೆಕ್ಟರು, ತುಂಬಾ ನ್ಯಾಚುರಲ್ ಆಗಿ ಬಂದಿದೆ.

ಮೇಲಿನ ಮೆಟ್ಟಿಲಿನಲ್ಲಿ ಆಕೆ ನಿಂತಿದ್ದಳು. ಮೂಗೂರಿನಿಂದ ತಾನೇ ಬಸ್ಸು ಹಿಡಿದು ಬಂದಿದ್ದಳು, ತನ್ನ ಪಟ ಮುಳುಗುವುದನ್ನು ನೋಡಲು. ಹತ್ತಿ ಹೋಗಿ ಬ್ಯಾಗಿನೊಳಗಿನ ಕಂದು ಕವರನ್ನು ತೋರಿಸಿದೆ, ಮುಟ್ಟಿಸಲಿಲ್ಲ. ಆಕೆ ಕವರು ನೋಡಿದಳು, ಹೊಳೆ ನೋಡಿದಳು.

"ಅಂಗಾರೆ ಒಳೆಗ್ ಓದೋರು ಯಾರವ್ವಾ?"

"ನಾನು."

ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಆಮೇಲೆ ಬೈದಳು. "ಬುದ್ಧಿ ಅದಾ ನಿಮ್ಗೆ? ಇಷ್ಟ್ ಓದ್ಕಂಡು!" ಮತ್ತೆ ತಕ್ಷಣ, "ನಗಾ ಪಟ ತಗುದ್ರಾ? ನೆನ್ನೆ ನೀವೇ ಏಳುದ್ರಲ್ಲ, ದೋಸ ಓಗಕೆ? ನಿಮ್ದು ತಗ್ದೋರ್ ಯಾರು?"

ಯಾರೂ ಇಲ್ಲ. ಎಷ್ಟು ಜನ ಸತ್ತವರನ್ನು ಎಬ್ಬಿಸಿ ನಗಿಸಿದ್ದೇನೋ. ಫೋಟೋ ತೆಗೆಯುವವಳ ಫೋಟೋ ತೆಗೆಯುವುದು ಯಾರಿಗೂ ಹೊಳೆಯುವುದಿಲ್ಲ, ನನಗೂ ಹೊಳೆದಿರಲಿಲ್ಲ.

"ಒತ್ತದೆಲ್ಲಿ, ತೋರ್ಸಿ" ಎಂದಳು.

ಕ್ಯಾಮೆರಾವನ್ನು ಆಕೆಯ ಕೊರಳಿಗೆ ಹಾಕಿದೆ. ಎರಡು ಕೈಯಲ್ಲಿ ತುಂಬಿದ ಕೊಡ ಹಿಡಿದ ಹಾಗೆ ಹಿಡಿದಳು. ಒಂದು ಕಣ್ಣು ಮುಚ್ಚಬೇಕೆಂದರೆ ಎರಡೂ ಮುಚ್ಚಿಕೊಳ್ಳುತ್ತಿದ್ದವು. ನಾನು ಹೊಳೆಗೆ ಬೆನ್ನು ಮಾಡಿ ನಿಂತೆ. ಬೆನ್ನ ಹಿಂದೆ ನೀರಿನ ಸದ್ದು ಇದ್ದಕ್ಕಿದ್ದಂತೆ ಹತ್ತಿರವಾದಂತಿತ್ತು. ತುಟಿ ಅಗಲಿಸಲು ನೋಡಿದೆ. ಹಿಂದಿನ ದಿನ ಆಕೆಗೆ ಯಾಕೆ ಆಗಲಿಲ್ಲ ಎಂದು ಆಗ ಗೊತ್ತಾಯಿತು.

"ಅದೇನೋ ಇಂಗ್ಲೀಸ್ನಲ್ಲಿ ಅಂದಿದ್ರಲ್ಲ ಆವತ್ತು, ನಂಗೆ" ಎಂದಳು ಕ್ಯಾಮೆರಾದ ಹಿಂದಿನಿಂದ. "ಅದ ಅನ್ಲಾ?"

"ಅನ್ನು."

"ಸ್ಮೈಲ್ ಪ್ಲೀಜು" ಎಂದಳು. ಎಂದವಳೇ, ತನ್ನ ಇಂಗ್ಲಿಷು ತನಗೇ ಕೇಳಿಸಿ, ಕಿಸಕ್ಕನೆ ನಕ್ಕಳು. ಕ್ಯಾಮೆರಾ ಅಲ್ಲಾಡಿತು, ಕ್ಲಿಕ್ ಎಂದಿತು. ನಾನು ನಕ್ಕೆನೋ ಇಲ್ಲವೋ ನನಗೆ ತಿಳಿಯದು. ಆಕೆ ನಕ್ಕಿದ್ದನ್ನಂತೂ ನೋಡಿದೆ.

ಆ ಮೆಮರಿ ಕಾರ್ಡಿನ ಕೊನೆಯ ಚಿತ್ರವನ್ನು ನಾನು ಇಂದಿಗೂ ತೆರೆದು ನೋಡಿಲ್ಲ. ಯೂನಿಟ್ಟಿಗೆ ಕೊಡಬೇಕಾದ ಸ್ಟಿಲ್ಲುಗಳನ್ನು ಕಾಪಿ ಮಾಡುವಾಗ ಕೊನೆಯದರ ಹಿಂದಿನದಕ್ಕೇ ನಿಲ್ಲಿಸಿದೆ. ಆಮೇಲೆ ಕಾರ್ಡನ್ನು ಸಣ್ಣ ಕವರಿನಲ್ಲಿ ಹಾಕಿ, ಆಕೆಯ ಕಂದು ಕವರಿನ ಪಕ್ಕದಲ್ಲೇ ಟ್ರಂಕಿನಲ್ಲಿಟ್ಟೆ. ಆಕೆಯ ಕವರಿನ ಮೇಲಿನ ಹಳೇ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದೇನೆ: "ಯಾರು ಬಂದರೂ ಕೊಡಬಾರದು." ನನ್ನ ನಂತರ ಟ್ರಂಕು ಯಾರ ಪಾಲಿಗೆ ಹೋಗುತ್ತದೋ ಅವರು ಓದಿಕೊಳ್ಳಲಿ. ಈ ಬರಹವೂ ಅವರಿಗೇ.

ಪ್ರತಿ ಗುರುವಾರ ಬೆಳಿಗ್ಗೆ ಆಕೆಯ ಫೋನು ಬರುತ್ತದೆ. ಮೊಮ್ಮಗಳ ಕೈಯಲ್ಲಿ ನಂಬರು ಒತ್ತಿಸುತ್ತಾಳೆ. ಹೇಗಿದ್ದೀರಿ, ಊಟ ಆಯಿತೇ ಎಂಬುದೆಲ್ಲ ಆಮೇಲೆ.

"ಅದೆಯೇನವ್ವಾ?"

ಇದೆ ಎಂದು ಕೂತಲ್ಲಿಂದಲೇ ಹೇಳಿಬಿಡಬಹುದು. ಆದರೆ ಪ್ರತಿ ಸಲವೂ ಫೋನನ್ನು ಮೇಜಿನ ಮೇಲಿಟ್ಟು, ಎದ್ದುಹೋಗಿ, ಟ್ರಂಕು ತೆರೆದು ನೋಡುತ್ತೇನೆ. ಎಲ್ಲಕ್ಕಿಂತ ತಳದಲ್ಲಿ ಇಟ್ಟಿದ್ದೇನೆ. ಕೆಲವು ಗುರುವಾರ ಮೇಲೇ ಇರುತ್ತದೆ. ಅದನ್ನು ಆಕೆಗೆ ಹೇಳುವುದಿಲ್ಲ. ಮತ್ತೆ ತಳಕ್ಕೆ ಸೇರಿಸಿ ಬಂದು ಫೋನು ಎತ್ತುತ್ತೇನೆ.

"ಇದೆ ಕಣಮ್ಮ."

"ನಿಮ್ದು?"

"ಅದೂ ಇದೆ. ಇನ್ನೂ ತಗೊಂಡಿಲ್ಲ."

"ತಕಬ್ಯಾಡಿ" ಎನ್ನುತ್ತಾಳೆ. "ಮುಂದ್ಲ ಗುರ್ವಾರ ನೋಡವ."